ಚಿಕ್ಕ ಮನೇಲಿ ದೊಡ್ಡ ಡೈಮಂಡ್ ಪೇಂಟಿಂಗ್: ಹಳೇ ಡ್ರಾಯಿಂಗ್ ಬೋರ್ಡ್ ಮತ್ತು ಎ3 ಲೈಟ್ ಪ್ಯಾಡ್ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ. 60×80 ಸೆಂಟಿಮೀಟರ್ ಸೈಜಿನ ಡೈಮಂಡ್ ಪೇಂಟಿಂಗ್, ಅಂದ್ರೆ ಚಿಕ್ಕ ಚಿಕ್ಕ ಹರಳು ಅಂಟಿಸಿ ಮಾಡೋ ಚಿತ್ರ, ಮಾಡೋಕೆ ಮನೇಲಿ ದೊಡ್ಡ ಟೇಬಲ್ ಇರ್ಬೇಕಾಗಿಲ್ಲ, ಅದಕ್ಕೇ ಅಂತ ಒಂದು ರೂಮಂತೂ ಬೇಡವೇ ಬೇಡ. ಕ್ಯಾನ್ವಾಸಿನ ಅಗಲ ಹಿಡಿಸೋ ಒಂದು ಹಲಗೆ ಇದ್ರೆ ಆಯ್ತು, ಉದ್ದ ಎಷ್ಟೇ ಇದ್ರೂ ಸುತ್ತಿ ಇಟ್ಕೋಬಹುದು. ನಾನು ಮಾಡ್ತಿರೋದು ಇಂಜಿನಿಯರಿಂಗ್ ಹುಡುಗ್ರು ಬಳಸ್ತಿದ್ದ ಹಳೇ ಡ್ರಾಯಿಂಗ್ ಬೋರ್ಡ್ ಮೇಲೆ, ಅದರ ಮೇಲೊಂದು ಎ3 ಲೈಟ್ ಪ್ಯಾಡ್, ಅಂದ್ರೆ ಕ್ಯಾನ್ವಾಸಿಗೆ ಕೆಳಗಿಂದ ಬೆಳಕು ಬಿಡೋ ತೆಳು ಹಲಗೆ. ಆ ಎರಡರ ರಿವ್ಯೂ ಇದು, ಕಿಟ್ ಬಗ್ಗೆನೂ ಒಂದಷ್ಟು ಹೇಳೋದಿದೆ.

ನಾವಿರೋದು ತುಮಕೂರಲ್ಲಿ, ಎಸ್‌ಐಟಿ ಕಾಲೇಜ್ ಹತ್ರ, ಬಾಡಿಗೆ ಮನೆ, ಒಂದೇ ಬೆಡ್‌ರೂಮು. ಹಾಲ್ ಹತ್ತಡಿಗೆ ಹನ್ನೆರಡಡಿ ಇರ್ಬಹುದು, ಅದ್ರಲ್ಲೇ ದಿವಾನ, ಟಿವಿ, ಅತ್ತೆಯವರ ಹೊಲಿಗೆ ಮಿಷಿನ್ನು, ಮಗನ ಸ್ಕೂಲ್ ಬ್ಯಾಗು, ನೆಂಟರು ಬಂದ್ರೆ ಹಾಸಿಗೆ ಹಾಸೋದೂ ಅಲ್ಲೇ. ಡೈನಿಂಗ್ ಟೇಬಲ್ ಇಲ್ಲ, ನೆಲದ ಮೇಲೆ ಕೂತು ಊಟ ಮಾಡೋರು ನಾವು. ಹಾಗಾಗಿ ಏನೇ ಹರಡ್ಕೊಂಡ್ರೂ ರಾತ್ರಿ ಎತ್ತಿಡ್ಲೇಬೇಕು, ಎತ್ತಿಡೋಕೆ ಹರಡೋಕೆ ಅಂತ ಅರ್ಧ ಗಂಟೆ ಹೋಗೋ ಹಾಗಿದ್ರೆ ಯಾವ ಹವ್ಯಾಸನೂ ಬಾಳಲ್ಲ. ನಮ್ಮೂರಲ್ಲಿ ಇಂಥ ಮನೆಗಳೇ ಜಾಸ್ತಿ, ಆದ್ರೆ ವಿಡಿಯೋಗಳಲ್ಲಿ ನೋಡೋದೆಲ್ಲಾ ಆರಡಿ ಟೇಬಲ್ಲು, ಚಕ್ರದ ಟ್ರಾಲಿ, ಗೋಡೆ ತುಂಬಾ ಡಬ್ಬಿ, ಅದನ್ನ ನೋಡಿ ದೊಡ್ಡ ಕಿಟ್ಟು ನಮ್ಮಂಥೋರಿಗಲ್ಲ ಬಿಡು ಅಂತ 30×40ರಲ್ಲೇ ನಿಂತ್ಬಿಟ್ಟಿರೋರು ಬೇಕಾದಷ್ಟು ಜನ ಇದಾರೆ, ನನ್ನ ಪರಿಚಯದಲ್ಲೇ ಇದಾರೆ. ಅವರಿಗೋಸ್ಕರ ಇಷ್ಟುದ್ದ ಬರೀತಿದೀನಿ.

ಗೊತ್ತಿಲ್ದೇ ಇರೋರಿಗೆ ಎರಡೇ ಮಾತು. ಕ್ಯಾನ್ವಾಸ್ ಮೇಲೆ ಅಂಟು ಇರತ್ತೆ, ಅಂಟಿನ ಕೆಳಗೆ ಚಿಕ್ಕ ಚಿಕ್ಕ ಚೌಕದಲ್ಲಿ ಗುರುತುಗಳು, ಯಾವ ಗುರುತಿಗೆ ಯಾವ ಬಣ್ಣ ಅಂತ ಪಕ್ಕದಲ್ಲಿ ಪಟ್ಟಿ. ಪೆನ್ನಿನ ತುದಿಗೆ ಮೇಣ ತುಂಬ್ಕೊಂಡು ಒಂದೊಂದೇ ಹರಳು ಎತ್ತಿ ಆಯಾ ಚೌಕದಲ್ಲಿ ಕೂರಿಸ್ತಾ ಹೋಗೋದು. ಚೌಕ ಹರಳು 2.5 ಮಿಲಿಮೀಟರ್, ದುಂಡಗಿಂದು 2.8. ಚೌಕದ ಲೆಕ್ಕದಲ್ಲಿ 60×80 ಅಂದ್ರೆ ಅಡ್ಡಕ್ಕೆ 240, ಉದ್ದಕ್ಕೆ 320, ಒಟ್ಟು 76,800 ಹರಳು. 30×40ಕ್ಕೆ 19,200 ಸಾಕು. ಅಳತೆ ಎರಡರಷ್ಟಾದ್ರೆ ಕೆಲಸ ನಾಲ್ಕರಷ್ಟು, ತಿಂಗಳುಗಟ್ಟಲೆ ಮನೇಲಿ ನಮ್ಮ ಜೊತೆನೇ ಇರೋ ವಸ್ತು ಇದು, ಅದಕ್ಕೇ ಜಾಗದ ಲೆಕ್ಕ ಮೊದಲು ಆಗ್ಬೇಕು. ಹಾಗಾದ್ರೆ ಚಿಕ್ಕದೇ ಮಾಡ್ಬಹುದಲ್ಲಾ ಅಂತೀರಾ? ರಾಧಾಕೃಷ್ಣರು ಪೂರ್ತಿ ನಿಂತಿರೋ ಚಿತ್ರನ 30×40ರಲ್ಲಿ ಮಾಡಿದ್ರೆ ಕಣ್ಣಿಗೆ ಅಂತ ಒಂದೋ ಎರಡೋ ಹರಳು ಸಿಗತ್ತೆ, ಹತ್ತಿರದಿಂದ ನೋಡಿದ್ರೆ ಮುಖನೇ ಇರಲ್ಲ. ದೇವರ ಚಿತ್ರ, ಮನೆಯವರ ಫೋಟೋ ಕೊಟ್ಟು ಮಾಡ್ಸೋ ಕಸ್ಟಮ್ ಕಿಟ್ಟು, ಇವಕ್ಕೆಲ್ಲಾ ದೊಡ್ಡ ಸೈಜೇ ಆಗ್ಬೇಕು.

ಈಗ ಬೋರ್ಡು. ಡ್ರಾಯಿಂಗ್ ಬೋರ್ಡ್‌ಗಳಲ್ಲಿ ಡಿ2 ಅಂತ ಒಂದು ಸೈಜ್ ಬರತ್ತೆ, 700×500 ಮಿಲಿಮೀಟರ್, ಎ2 ಶೀಟ್ ಹಾಕಿ ಡ್ರಾಯಿಂಗ್ ಮಾಡೋದು. 60 ಸೆಂಟಿಮೀಟರ್ ಅಗಲದ ಚಿತ್ರಕ್ಕೆ ಎರಡೂ ಕಡೆ ಮೂರು ಮೂರೂವರೆ ಬಿಳಿ ಅಂಚು ಸೇರಿದ್ರೆ 67 ಆಗತ್ತೆ, 70ರ ಬೋರ್ಡ್ ಮೇಲೆ ಅಳತೆ ಕೊಟ್ಟು ಮಾಡಿಸ್ದಂಗೆ ಕೂರತ್ತೆ. ನಮ್ಮೂರಲ್ಲಿ ಈ ಬೋರ್ಡು ಸಿಗೋದೂ ಸುಲಭ, ಯಾಕಂದ್ರೆ ವಿಟಿಯು ಫಸ್ಟ್ ಇಯರ್ ಡ್ರಾಯಿಂಗ್ ಈಗ ಕಂಪ್ಯೂಟರಲ್ಲಿ, ಬೋರ್ಡ್ ಕೇಳೋರು ಕಮ್ಮಿ ಆಗಿದಾರೆ, ಹಳೇವು ಹಾಗೇ ಉಳ್ಕೊಂಡಿವೆ. ಹಳೇ ಪುಸ್ತಕ, ಲ್ಯಾಬ್ ಕೋಟು, ಡ್ರಾಫ್ಟರ್ ಮಾರೋ ಅಂಗಡಿಗೆ ಹೋಗಿ ಕೇಳ್ದೆ, ಅಂಗಡಿ ಹುಡುಗ "ಮಗನಿಗಾ ಅಕ್ಕಾ, ಡಿಪ್ಲೊಮಾನಾ?" ಅಂದ, ಇಲ್ಲಪ್ಪಾ ನನಗೇ ಬೇಕು ಅಂತ ಕ್ಯಾನ್ವಾಸಿನ ಫೋಟೋ ತೋರಿಸ್ದೆ, ಮೇಲಿನ ಅಟ್ಟದಿಂದ ನಾಲ್ಕು ಬೋರ್ಡ್ ಇಳಿಸಿ ಒಂದೊಂದನ್ನೂ ಬಟ್ಟೇಲಿ ಒರೆಸಿ ಮುಂದಿಟ್ಟ, ನಾನು ಆರಿಸ್ಕೊಂಡಿದ್ದಕ್ಕೆ 350 ರೂಪಾಯಿ ತಗೊಂಡ. ಅಷ್ಟು ತಾಳ್ಮೆ ಇರೋ ಅಂಗಡಿಯೋರು ಸಿಗೋದು ಪುಣ್ಯ.

ಇದರಲ್ಲಿ ನಂಗೆ ತುಂಬಾ ಹಿಡಿಸಿದ್ದು ಟೇಬಲ್ಲೇ ಬೇಡ ಅನ್ನೋದು. ದಿವಾನದ ಕಡೆ ಮುಖ ಮಾಡಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ್ಕೋತೀನಿ, ಬೋರ್ಡಿನ ಹಿಂದಿನ ಅಂಚು ದಿವಾನದ ಮೇಲೆ, ಮುಂದಿನ ಅಂಚು ತೊಡೆ ಮೇಲೆ. ತಾನಾಗೇ ಇಳಿಜಾರು ಬರತ್ತೆ, ಕತ್ತು ಪೂರ್ತಿ ಬಗ್ಸೋ ಹಾಗಿಲ್ಲ, ಚಪ್ಪಟೆ ಇರೋ ಚಿಕ್ಕ ಲ್ಯಾಪ್‌ಟಾಪ್ ಟೇಬಲ್ ಮೇಲೆ ಮಾಡಿದ್ರೆ ಅರ್ಧ ಗಂಟೇಲಿ ಹಿಡ್ಕೊಳ್ಳೋ ಕತ್ತು ಇದ್ರಲ್ಲಿ ಒಂದೂವರೆ ಗಂಟೆ ಕೂತ್ರೂ ಸುಮ್ನಿರತ್ತೆ. ದಿವಾನದ ಅಂಚಿಂದ ಜಾರದ ಹಾಗೆ ಹಳೇ ಯೋಗಾ ಮ್ಯಾಟಿನ ತುಂಡು ಹಾಕಿದೀನಿ. ಮುಂದಿನ ಅಂಚಿಗೆ ಹಳೇ ಟವೆಲ್ ದಪ್ಪಕ್ಕೆ ಸುತ್ತಿ ಕಟ್ಟಿದೀನಿ, ತೊಡೆಗೂ ಒತ್ತಲ್ಲ, ಕ್ಯಾನ್ವಾಸು ಅಲ್ಲಿಂದ ಕೆಳಗೆ ಇಳಿಯೋವಾಗ ಮಡಿಕೆನೂ ಬೀಳಲ್ಲ. ತೂಕ ಸುಮಾರು ಮೂರು ಕೆಜಿ ಇರ್ಬೇಕು, ಮೊಣಕಾಲು ನೋವಿರೋರಿಗೆ ಇದು ಆಗಲ್ಲ, ಅವರು ಕುರ್ಚಿ ಮೇಲೆ ಕೂತು ಬೋರ್ಡನ್ನ ಹೊಲಿಗೆ ಮಿಷಿನ್ ಟೇಬಲ್ಲಿಗೆ ಒರಗಿಸ್ಕೋಬಹುದು, ನಮ್ಮತ್ತೆ ಹಾಗೇ ಮಾಡೋದು. ಎದ್ದೇಳೋವಾಗ ಬೋರ್ಡು ಸಮೇತ ದಿವಾನದ ಕೆಳಗೆ ತಳ್ಳಿದ್ರೆ ಮುಗೀತು. ನಮ್ಮ ದಿವಾನದ ಕೆಳಗೆ ಆರಿಂಚು ಸಂದಿದೆ, ನಿಮ್ಮದು ಸ್ಟೋರೇಜ್ ಇರೋ ಬಾಕ್ಸ್ ದಿವಾನ ಆದ್ರೆ ಬೀರು ಹಿಂದೆ ನಿಲ್ಲಿಸ್ಬೇಕಾಗತ್ತೆ.

ಬೋರ್ಡ್ 50 ಸೆಂಟಿಮೀಟರ್, ಕ್ಯಾನ್ವಾಸ್ 80, ಉಳಿದಿದ್ದು? ಇಲ್ಲೇ ಎಲ್ರೂ ಗಾಬರಿ ಆಗೋದು. ಮೇಲಿಂದ ಕೆಳಗೆ ಮಾಡ್ಕೊಂಡು ಬನ್ನಿ. ಮುಗಿದ ಭಾಗ ಬೋರ್ಡಿನ ಹಿಂದಿನ ಅಂಚು ದಾಟಿ ಒಂದು ಪೈಪಿಗೆ ಸುತ್ಕೊಳ್ತಾ ಹೋಗತ್ತೆ, ಮಾಡ್ಬೇಕಾಗಿರೋ ಭಾಗ ಅಂಟಿನ ಮೇಲಿನ ಕವರ್ ಮುಚ್ಕೊಂಡೇ ನಿಮ್ಮ ಕಡೆಯಿಂದ ಮೇಲೆ ಬರತ್ತೆ, ಕೈ ಊರೋದು ಕವರ್ ಮೇಲೆ, ಹರಳಿನ ಮೇಲಲ್ಲ, ಅಂಟಿನ ಮೇಲೂ ಅಲ್ಲ. ಪೈಪು ಅಂದ್ರೆ ಬಾತ್‌ರೂಮ್ ಲೈನಿಗೆ ಹಾಕೋ 110 ಎಂಎಂ ಪಿವಿಸಿ, ಹಾರ್ಡ್‌ವೇರ್ ಅಂಗಡೀಲಿ ತುಂಡು ಪೈಪ್ ಅಂತ ಕೇಳಿದ್ರೆ ಕಮ್ಮಿಗೆ ಕೊಡ್ತಾರೆ, 70 ಸೆಂಟಿಮೀಟರಿಗೆ ಕೊಯ್ಸಿ ಅಂಚನ್ನ ಮರಳು ಕಾಗದದಲ್ಲಿ ಉಜ್ಕೊಳ್ಳಿ. ಕಿಟ್ ಜೊತೆ ಬರೋ ಸಣ್ಣ ರಟ್ಟಿನ ಕೊಳವೆಗೆ ಸುತ್ಬೇಡಿ, ಅಷ್ಟು ಬಿಗಿ ಸುತ್ತಿಗೆ ಚೌಕ ಹರಳುಗಳ ಸಾಲು ಬಾಯ್ಬಿಟ್ಟು ಒಂದೊಂದೇ ಎದ್ದು ಬರತ್ತೆ. ಇನ್ನೊಂದು ವಿಷಯ, ಸುತ್ತೋವಾಗ ಹರಳು ಹೊರಗಡೆ ಇರ್ಬೇಕು, ಒಳಗಡೆ ಅಲ್ಲ. ಒಳಗೆ ಮಾಡಿ ಸುತ್ತಿದ್ರೆ ಜಾಗ ಸಾಲದೆ ಒಂದನ್ನೊಂದು ತಳ್ಳಿ ಮೇಲೇಳ್ತವೆ, ಹೊರಗಿದ್ರೆ ನಡುವೆ ಸ್ವಲ್ಪ ಸಂದು ಬಿಡತ್ತೆ, ಬಿಚ್ಚಿ ಹರಡಿದಾಗ ಮತ್ತೆ ಕೂಡ್ಕೊಳತ್ತೆ. ಮೇಲೆ ಒಂದು ಸುತ್ತು ಹಳೇ ಕಾಟನ್ ಪಂಚೆ.

ಹೀಗೆ ಮಾಡೋದ್ರಿಂದ 60×100 ಆದ್ರೂ, 60×120 ಆದ್ರೂ ಬೋರ್ಡ್ ಇದೇ ಸಾಕು. 80×60 ಥರ ಅಡ್ಡ ಚಿತ್ರ ಆದ್ರೆ ಕ್ಯಾನ್ವಾಸನ್ನ ಮಗ್ಗುಲಿಗೆ ತಿರುಗಿಸ್ಕೊಳ್ಳಿ, ಗುರುತುಗಳು ಅಡ್ಡ ಕಾಣ್ತವೆ, ಒಂದೆರಡು ದಿನದಲ್ಲಿ ಕಣ್ಣು ಒಗ್ಗತ್ತೆ, ಹರಳಿಗೇನು ಮೇಲೆ ಕೆಳಗೆ ಅಂತ ಇಲ್ಲ. ಆರ್ಡರ್ ಮಾಡೋವಾಗ ಚಿತ್ರದ ಎರಡು ಅಳತೇಲಿ ಚಿಕ್ಕದು 60 ದಾಟದಂಗೆ ನೋಡ್ಕೊಂಡ್ರೆ ಸಾಕು.

ಲೈಟ್ ಪ್ಯಾಡ್ ಬಗ್ಗೆ. ಎ3 ಅಂದ್ರೆ 42×29.7 ಸೆಂಟಿಮೀಟರ್, ಯುಎಸ್‌ಬಿಲಿ ಓಡತ್ತೆ, ಮೂರು ಹಂತದ ಬೆಳಕು, ನಂಗೆ ಬಿದ್ದಿದ್ದು 1,400 ರೂಪಾಯಿ. ಕ್ಯಾನ್ವಾಸಿನ ಕೆಳಗಿಂದ ಬೆಳಕು ಬಂದಾಗ ಗುರುತು ಎಷ್ಟು ಸ್ಪಷ್ಟ ಕಾಣತ್ತೆ ಅಂದ್ರೆ, ಕಡು ನೀಲಿ, ಕಪ್ಪು, ಕಂದು ಇರೋ ಕಡೆ ಪ್ರಿಂಟೇ ಕತ್ತಲಾಗಿರತ್ತಲ್ಲಾ, ಅಲ್ಲಿ ಸೊನ್ನೆ ಯಾವುದು ಎಂಟು ಯಾವುದು ಅಂತ ಹುಡುಕೋ ಕಷ್ಟ ಪೂರ್ತಿ ಹೋಯ್ತು. ನಮ್ಮತ್ತೆಗೆ ಕನ್ನಡಕ ಹಾಕ್ಕೊಂಡ್ರೂ ಗುರುತು ಕಾಣ್ತಿರ್ಲಿಲ್ಲ, ಪ್ಯಾಡ್ ಬಂದ್ಮೇಲೆ ಮಧ್ಯಾಹ್ನ ಅವರೇ ಕೂತು ಒಂದು ಬಣ್ಣ ಮುಗಿಸಿ "ಏನಮ್ಮಾ, ಈ ನೀಲಿ ಆಯ್ತು, ಮುಂದಿಂದು ಯಾವುದು ತೆಗ್ದಿಡು" ಅಂತಾರೆ. ಈ ಪ್ಯಾಡಿಗೆ ಕೊಟ್ಟ ದುಡ್ಡು ಅದೊಂದಕ್ಕೇ ಸಾರ್ಥಕ. ಕರೆಂಟ್ ಹೋದ್ರೆ ಪವರ್ ಬ್ಯಾಂಕಿಗೆ ಹಾಕ್ಕೊಂಡ್ರೆ ಆಯ್ತು. ಬೆಳಕು ನಡು ಹಂತದಲ್ಲೇ ಇಡಿ, ಪೂರ್ತಿ ಹಾಕಿದ್ರೆ ಕಣ್ಣು ಉರಿ ಬರತ್ತೆ.

ಆದ್ರೆ ಪ್ಯಾಡಲ್ಲಿ ಎರಡು ತೊಂದ್ರೆ ಇದೆ. ಒಂದು, ಆನ್ ಆಫ್ ಮಾಡೋದು ಟಚ್ ಬಟನ್ನು, ಅದು ಪ್ಯಾಡಿನ ಮೇಲೇ ಇರೋದ್ರಿಂದ ಕ್ಯಾನ್ವಾಸ್ ಮೇಲಿಂದ ಒತ್ತಿದಾಗ ತಾನೇ ಆರೋಗತ್ತೆ, ಬಟನ್ ಇರೋ ಕಡೆ ಕ್ಯಾನ್ವಾಸ್ ಬರದ ಹಾಗೆ ತಿರುಗಿಸಿ ಇಡ್ಬೇಕು. ಎರಡನೇದು ದೊಡ್ಡದು. ಪ್ಯಾಡ್ ಐದು ಎಂಎಂ ಹತ್ರ ದಪ್ಪ, ಬೋರ್ಡ್ ಮೇಲೆ ಹಾಗೇ ಇಟ್ಟು ಕ್ಯಾನ್ವಾಸ್ ಹಾಸಿದ್ರೆ ಪ್ಯಾಡ್ ಮುಗಿಯೋ ಕಡೆ ಮೆಟ್ಟಿಲಾಗತ್ತೆ, ಆ ಮೆಟ್ಟಿಲ ಮೇಲೆ ಹರಳು ಒತ್ತಿದ್ರೆ ಕೂರಲ್ಲ, ಕ್ಯಾನ್ವಾಸಿಗೂ ಗೆರೆ ಬೀಳತ್ತೆ. ಇದಕ್ಕೆ ಸನ್‌ಬೋರ್ಡ್ ಅನ್ನೋ ಹಗುರ ಫೋಮ್ ಹಲಗೆನೇ ಮದ್ದು. ಫ್ಲೆಕ್ಸ್ ಪ್ರಿಂಟ್ ಮಾಡೋ ಅಂಗಡೀಲಿ 5 ಎಂಎಂ ಸನ್‌ಬೋರ್ಡು 70×50ಕ್ಕೆ ಕೊಯ್ಸಿ, ಅದರ ಎಡಗಡೆ ಮೂಲೆಗೆ ಪ್ಯಾಡಿನ ಅಳತೆಗೆ ಸರಿಯಾಗಿ ಕಿಂಡಿ ಕೊಯ್ದು ಪ್ಯಾಡನ್ನ ಅದರೊಳಗೆ ಇಳಿಸಿದೀನಿ, ಕೈ ಸವರಿದ್ರೆ ಎಲ್ಲೂ ತಡೆಯಲ್ಲ, ಎಲ್ಲಾ ಒಂದೇ ಮಟ್ಟ. ವೈರು ಹೋಗೋಕೆ ಒಂದು ಸಣ್ಣ ಕಾಲುವೆ ಕೊಯ್ದಿದೀನಿ. 42 ಸೆಂಟಿಮೀಟರ್ ಮಾತ್ರ ಬೆಳಕು ಬರೋದಲ್ವಾ, ಬಲಗಡೆ ಮಾಡೋವಾಗ ಸನ್‌ಬೋರ್ಡನ್ನ ಅರ್ಧ ಸುತ್ತು ತಿರುಗಿಸಿದ್ರೆ ಕಿಂಡಿ ಬಲಕ್ಕೆ ಬರತ್ತೆ, ಪ್ಯಾಡೂ ಅಲ್ಲಿಗೇ ಹೋಗತ್ತೆ. 59.4 ಅಗಲದ ಎ2 ಪ್ಯಾಡ್ ತಗೊಂಡ್ರೆ ಈ ರಗಳೆ ಇರಲ್ಲ, ಆದ್ರೆ ನಾನು ವಿಚಾರಿಸಿದಾಗ ಅದಕ್ಕೆ ಎರಡರಷ್ಟಕ್ಕಿಂತ ಜಾಸ್ತಿ ಹೇಳಿದ್ರು, ಅಷ್ಟು ಕೊಡೋ ಅಗತ್ಯ ನಂಗಂತೂ ಕಾಣ್ಲಿಲ್ಲ.

ಅಂಟಿನ ಮೇಲಿನ ಕವರ್ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಹಾಲಲ್ಲಿ ಮಾಡೋರಿಗೆ ಧೂಳೇ ಶತ್ರು, ಆಷಾಢದ ಗಾಳಿ ಹೊತ್ನಲ್ಲಿ ನಮ್ಮನೇಲಿ ಬೆಳಿಗ್ಗೆ ಒರೆಸಿದ್ದು ಸಂಜೆಗೆ ಮಣ್ಣು. ಕಿಟ್ ಜೊತೆ ಬರೋ ಪ್ಲಾಸ್ಟಿಕ್ ಹಾಳೆ ಒಂದ್ಸಲ ಎತ್ತಿದ್ರೆ ಮತ್ತೆ ಸುಕ್ಕಿಲ್ದಂಗೆ ಕೂರಲ್ಲ. ಸಿಲಿಕಾನ್ ಲೇಪ ಇರೋ ಪೇಪರನ್ನ ಚೌಕ ಚೌಕ ಕತ್ತರಿಸಿ ಪೂರ್ತಿ ಕ್ಯಾನ್ವಾಸಿಗೆ ಹಾಸಿ, ಮಾಡೋ ಕಡೆದು ಒಂದು ಚೌಕ ಮಾತ್ರ ತೆಗೀಬೇಕು. ಬೇಕರಿ ಸಾಮಾನಿನ ಅಂಗಡೀಲಿ ಬಟರ್ ಪೇಪರ್ ಅಂತ ಕೇಳಿದ್ರೆ ಕೆಲವು ಕಡೆ ಲೇಪ ಇಲ್ಲದ್ದು ಕೊಡ್ತಾರೆ, ಅದು ಅಂಟಿಗೆ ಹಿಡ್ಕೊಂಡು ಹರಿದೋಗತ್ತೆ, ಬೇಕಿಂಗ್ ಪೇಪರ್ ಅಂತ್ಲೇ ಕೇಳಿ. ಅದಕ್ಕಿಂತ ಒಳ್ಳೇದು ಬಿಟ್ಟಿ ಸಿಗತ್ತೆ. ಗಾಡಿ ನಂಬರ್ ಪ್ಲೇಟಿಗೆ ಸ್ಟಿಕರ್ ಕಟ್ ಮಾಡೋ ರೇಡಿಯಂ ಅಂಗಡಿಗಳಿದಾವಲ್ಲಾ, ಸ್ಟಿಕರ್ ಕಿತ್ತ ಮೇಲೆ ಉಳಿಯೋ ನುಣುಪು ಪೇಪರ್ ಅಲ್ಲಿ ರಾಶಿ ಬಿದ್ದಿರತ್ತೆ, ಅದಕ್ಕೂ ಸಿಲಿಕಾನ್ ಲೇಪನೇ ಇರೋದು, ದಪ್ಪನೂ ಇದೆ. ಕೇಳಿದ್ರೆ ಅಂಗಡಿಯೋರು "ಅಕ್ಕಾ, ಅದನ್ನ ಗುಡಿಸಿ ಹೊರಗೆ ಹಾಕೋದೇ ಒಂದ್ ಕೆಲ್ಸ, ಎಷ್ಟ್ ಬೇಕೋ ತಗೊಂಡೋಗಿ" ಅಂದ್ರು. ನನ್ನ ಪೂರ್ತಿ ಕ್ಯಾನ್ವಾಸು ಮುಚ್ಚಿರೋದು ಅದರಿಂದ್ಲೇ.

ಹರಳು ಇಡೋಕೆ ದುಬಾರಿ ಡಬ್ಬಿ ಬೇಡ. ಬ್ಲೌಸಿಗೆ ಆರಿ ವರ್ಕ್ ಮಾಡೋರು ಮಣಿ ಕುಂದನ್ ತುಂಬಿಡ್ತಾರಲ್ಲಾ, 36 ಖಾನೆ ಇರೋ ಪ್ಲಾಸ್ಟಿಕ್ ಬಾಕ್ಸು, ಆರಿ ಸಾಮಾನು ಮಾರೋ ಅಂಗಡೀಲೇ ಸಿಗತ್ತೆ, ಎರಡು ತಗೊಂಡ್ರೆ ಬಹಳಷ್ಟು ಕಿಟ್ಟಿಗೆ ಸಾಕು, ಒಂದರ ಮೇಲೊಂದು ಕೂರತ್ತೆ. ಖಾನೆ ಮುಚ್ಚಳದ ಒಳಗಡೆ ಬಣ್ಣದ ನಂಬರೂ ಗುರುತೂ ಎರಡನ್ನೂ ಬರೆದು ಅಂಟಿಸಿ. ಅದೇ ಅಂಗಡೀಲಿ ಕುಂದನ್ ಎತ್ತೋ ಮೇಣದ ಪೆನ್ಸಿಲ್ಲೂ ಇದೆ, ದುಂಡು ಹರಳಿಗೆ ಚೆನ್ನಾಗಿದೆ, ಚೌಕಕ್ಕೆ ಕಿಟ್ಟಿನ ಪೆನ್ನೇ ವಾಸಿ. ಟ್ರೇಗೆ ಹರಳು ಸುರಿಯೋವಾಗ ಫ್ಯಾನ್ ಆಫ್ ಮಾಡಿ. ಟ್ರೇ ಬೋರ್ಡ್ ಮೇಲಿಟ್ರೆ ಇಳಿಜಾರಿಗೆ ಜಾರತ್ತೆ, ಪಕ್ಕದಲ್ಲಿ ಒಂದು ಮಣೆ ಮೇಲಿಟ್ಕೊಳ್ಳಿ.

ಇನ್ನು ಕಿಟ್ಟು. ಆನ್‌ಲೈನಲ್ಲಿ ತರಿಸಿದ್ದು, ಎರಡು ಸಾವಿರದೊಳಗೆ, ಮಾರಿದೋರ ಹೆಸರು ಬೇಡ. ಹರಳು ಚೆನ್ನಾಗಿವೆ, ಅಂಚು ನೇರ ಇದೆ, ಪಕ್ಕ ಪಕ್ಕ ಕೂರಿಸಿದಾಗ ಟಿಕ್ ಅಂತ ಸೇರ್ಕೊಳತ್ತೆ, ಆ ಶಬ್ದಕ್ಕೇ ಇನ್ನೊಂದು ಸಾಲು ಮಾಡ್ಬೇಕು ಅನ್ಸತ್ತೆ. ಅಂಟು ಪೋರ್ಡ್ ಗ್ಲೂ, ಅಂದ್ರೆ ಕ್ಯಾನ್ವಾಸ್ ಮೇಲೇ ನೇರ ಹೊಯ್ದಿರೋದು. ನಮ್ಮ ಥರ ಸುತ್ತಿ ಬಿಚ್ಚಿ ಮಾಡೋರಿಗೆ ಇದೇ ಬೇಕು. ಎರಡು ಕಡೆ ಅಂಟೋ ಟೇಪ್ ಹಾಕಿರೋ ಕ್ಯಾನ್ವಾಸ್ ಸುತ್ತಿದ್ರೆ ಟೇಪ್ ಕೆಳಗೆ ಗಾಳಿ ಸೇರಿ ಉದ್ದುದ್ದ ಗೆರೆ ಏಳತ್ತೆ, ತಗೊಳ್ಳೋಕೆ ಮುಂಚೆ ಇದನ್ನ ಕೇಳಿ ಖಚಿತ ಮಾಡ್ಕೊಳ್ಳಿ. ಬೇಜಾರಾಗಿದ್ದು ಪ್ಯಾಕಿಂಗು. ಇಷ್ಟು ದೊಡ್ಡ ಕ್ಯಾನ್ವಾಸನ್ನ ಸುತ್ತಿ ಕಳ್ಸೋ ಬದ್ಲು ನಾಲ್ಕು ಮಡಿಕೆ ಮಾಡಿ ಕಳ್ಸಿದ್ರು, ಸರಿಯಾಗಿ ಕೃಷ್ಣನ ಭುಜದ ಮೇಲೆ ಮಡಿಕೆ. ಪೈಪಿಗೆ ಉಲ್ಟಾ ಸುತ್ತಿ ಎರಡು ರಾತ್ರಿ ಬಿಟ್ಟ ಮೇಲೆ ಮುಕ್ಕಾಲು ಭಾಗ ಹೋಯ್ತು, ಒಂದು ಗೆರೆ ಮಾತ್ರ ಹರಳು ಹಾಕಿದ್ಮೇಲೂ ಓರೆ ಬೆಳಕಲ್ಲಿ ಕಾಣತ್ತೆ. ಫೋಟೋ ಸಮೇತ ಮೆಸೇಜ್ ಮಾಡ್ದೆ, "ಅದು ನಾರ್ಮಲ್ ಮೇಡಂ" ಅಂತ ಒಂದೇ ಸಾಲು ಬಂತು. ಎಪ್ಪತ್ತಾರು ಸಾವಿರ ಹರಳು ಕೂತು ಜೋಡಿಸೋರ ಶ್ರಮಕ್ಕೆ ಅಷ್ಟಾದ್ರೂ ಬೆಲೆ ಕೊಡ್ಬೇಕಿತ್ತು. ರೋಲ್ ಮಾಡಿ ಕಳಿಸ್ತಾರಾ ಅಂತ ಮೊದಲೇ ಬರೆಸ್ಕೊಂಡು ಆಮೇಲೆ ದುಡ್ಡು ಕಟ್ಟಿ.

ಒಂದು ತಿಳಿ ಹಳದಿ ಬಣ್ಣ ಕಮ್ಮಿನೂ ಬಿತ್ತು. ಆದ್ರೆ ಪಟ್ಟೀಲಿ ಡಿಎಂಸಿ ನಂಬರ್ ಇದ್ದಿದ್ದಕ್ಕೆ ಬಚಾವು. ಡಿಎಂಸಿ ಅನ್ನೋದು 1746ರಲ್ಲಿ ಶುರುವಾದ ಫ್ರಾನ್ಸಿನ ದಾರದ ಕಂಪನಿ, ಕಸೂತಿ ದಾರಕ್ಕೆ ಅವರು ಇಟ್ಟ ನಂಬರನ್ನೇ ಈ ಹರಳಿನೋರೂ ಬಳಸ್ತಾರೆ, 310 ಅಂದ್ರೆ ಎಲ್ಲಾ ಕಡೆ ಕಪ್ಪೇ. ಹಾಗಾಗಿ ಬೇರೆ ಯಾರ ಹತ್ರ ಆದ್ರೂ ಆ ನಂಬರಿನ ಪೊಟ್ಟಣ ತರಿಸ್ಕೋಬಹುದು, ಛಾಯೆ ಕೂದಲೆಳೆ ಹೆಚ್ಚು ಕಮ್ಮಿ ಇರ್ಬಹುದು ಅಷ್ಟೇ. ಬರೀ 1, 2, 3 ಅಂತ ತಮ್ಮದೇ ನಂಬರ್ ಹಾಕಿರೋ ಕಿಟ್ ತಗೋಬೇಡಿ, ಒಂದು ಬಣ್ಣ ಕಮ್ಮಿ ಬಿದ್ರೆ ಮಾರಿದೋರನ್ನೇ ಕಾಯ್ಬೇಕು.

ನನ್ನ ಲೆಕ್ಕದಲ್ಲಿ ಬೋರ್ಡಿಗೆ ಐದಕ್ಕೆ ಐದು, ಲೈಟ್ ಪ್ಯಾಡಿಗೆ ನಾಲ್ಕು, ಆ ಟಚ್ ಬಟನ್ ಪಕ್ಕಕ್ಕೆ ಕೊಟ್ಟಿದ್ರೆ ಪೂರ್ತಿ ಕೊಡ್ತಿದ್ದೆ. ಕಿಟ್ಟಿಗೆ ಮೂರು, ಹರಳು ಅಂಟು ಎರಡೂ ಒಳ್ಳೇದು, ಮಡಿಕೆಗೆ ಎರಡು ಕಟ್. ಕಿಟ್ ಬಿಟ್ಟು ಬೋರ್ಡು, ಪ್ಯಾಡು, ಸನ್‌ಬೋರ್ಡು, ಪೈಪು, ಡಬ್ಬಿ ಎಲ್ಲಾ ಸೇರಿ ಎರಡೂವರೆ ಸಾವಿರದ ಆಸುಪಾಸು ಆಯ್ತು, ಒಂದ್ಸಲ ಹಾಕಿದ್ರೆ ಮುಂದಿನ ಕಿಟ್ಟುಗಳಿಗೂ ಅದೇ. ದುಡ್ಡು ಕಮ್ಮಿ ಇದ್ರೆ ಪ್ಯಾಡ್ ಆಮೇಲೆ ತಗೊಳ್ಳಿ, ಬೋರ್ಡು ಪೈಪು ಮೊದಲು. 80×120ರಂಥದ್ದು ಮಾಡೋ ಆಸೆ ಇರೋರಿಗೆ ಡಿ1 ಅಂತ 1000×700ರ ಬೋರ್ಡ್ ಬರತ್ತೆ, ಆದ್ರೆ ಅದನ್ನ ತೊಡೆ ಮೇಲೆ ಇಟ್ಕೊಳ್ಳೋಕಾಗಲ್ಲ, ಅದಕ್ಕೆ ಸ್ಟ್ಯಾಂಡೇ ಬೇಕು, ಒಂದು ಬೆಡ್‌ರೂಮ್ ಮನೆಗೆ ನಾನಂತೂ ಹೇಳಲ್ಲ.

ಹಳೇ ಬೋರ್ಡ್ ತಗೊಳ್ಳೋವಾಗ ಅಂಗಡೀಲೇ ನೋಡ್ಬೇಕಾಗಿದ್ದು: ಒಂದು ಉದ್ದ ಸ್ಕೇಲನ್ನ ಮೂಲೆಯಿಂದ ಮೂಲೆಗೆ ನೆಟ್ಟಗೆ ನಿಲ್ಲಿಸಿ ಕೆಳಗೆ ಬೆಳಕು ತೂರತ್ತಾ ನೋಡಿ, ನಡುವೆ ತೂರಿದ್ರೆ ಬೋರ್ಡ್ ಬಾಗಿದೆ, ಬಿಡಿ. ಹಿಂದೆ ಇರೋ ಎರಡು ಅಡ್ಡಪಟ್ಟಿ ಅಲ್ಲಾಡ್ಬಾರ್ದು. ಡ್ರಾಯಿಂಗ್ ಪಿನ್ ಚುಚ್ಚಿದ ತೂತು ಎಷ್ಟಿದ್ರೂ ಪರವಾಗಿಲ್ಲ, ಸನ್‌ಬೋರ್ಡ್ ಮುಚ್ಚತ್ತೆ, ಆದ್ರೆ ಬೋರ್ಡನ್ನ ತಿರುವಿ ಹಾಕಿ ತಟ್ಟಿದಾಗ ಸಣ್ಣ ಹಿಟ್ಟಿನ ಥರ ಉದುರಿದ್ರೆ ಹುಳ ಇದೆ ಅಂತ ಅರ್ಥ, ಅದನ್ನ ಬಿಟ್ಟಿ ಕೊಟ್ರೂ ಮನೆಗೆ ತರ್ಬೇಡಿ, ದಿವಾನಕ್ಕೂ ಹತ್ಕೊಳತ್ತೆ.